ಫುಲ್ ಕಾರ್ಬನ್

ದ್ರಾಕ್ಷಾಯಿಣಿಗೆ ಸೈಕಲ್ ಇರಲಿಲ್ಲ. ಕಾಲಿನಲ್ಲಿ ಕಸುವಿತ್ತು, ಎದೆಯಲ್ಲಿ ಉಸಿರಿತ್ತು, ಹದಿನಾರು ತುಂಬಲು ಇನ್ನೂ ಎರಡು ತಿಂಗಳಿತ್ತು. ಬಯಲುಸೀಮೆಯ ಒಂದು ಸೈಕ್ಲಿಂಗ್ ಹಾಸ್ಟೆಲಿನವರು ಮೇ ತಿಂಗಳ ಕೊನೆಯ ಭಾನುವಾರ ಕಾಪುವಿನಲ್ಲಿ ಆಯ್ಕೆ ಇಟ್ಟಿದ್ದರು. ಹದಿನಾರು ತುಂಬಿದವರಿಗೆ ಅವಕಾಶವಿಲ್ಲ. ಇಬ್ಬರು ಹುಡುಗಿಯರನ್ನು ಆರಿಸುತ್ತಾರೆ. ಆಯ್ಕೆಯಾದವರಿಗೆ ಊಟ, ವಸತಿ, ಓದು, ಒಳ್ಳೆಯ ರೇಸ್ ಸೈಕಲ್ ಎಲ್ಲವೂ ಹಾಸ್ಟೆಲಿನದೇ. ಆಯ್ಕೆಯ ದಿನ ಮಾತ್ರ ಸೈಕಲ್ ಅವರವರೇ ತರಬೇಕು. ಸೈಕಲ್ ಸಿಗಬೇಕಾದರೆ ಮೊದಲು ಸೈಕಲ್ ಇರಬೇಕು.

ಅವಳ ಅಪ್ಪ ಮಾನಪ್ಪ ಹನ್ನೆರಡು ವರ್ಷದ ಹಿಂದೆ ಬಾಗಲಕೋಟೆ ಕಡೆಯ ಹಳ್ಳಿಯಿಂದ ಹೆಂಡತಿ ಹುಲಿಗೆವ್ವ ಮತ್ತು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಕಾರ್ಕಳಕ್ಕೆ ಬಂದವನು. ಇಲ್ಲಿನ ಕ್ವಾರಿಯಲ್ಲಿ ಕರಿಕಲ್ಲಿಗೆ ತೂತು ಕೊರೆಯುವುದು ಅವನ ಕೆಲಸ. ಅವರ ಊರಿನ ಕಡೆ ಹುಡುಗಿಯರು ರೇಸ್ ಸೈಕಲ್ ಹತ್ತಿದರೆ ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ನೋಡುತ್ತಿದ್ದರು. ಕ್ವಾರಿಯ ಸೂಪರ್‌ವೈಸರನ ಹಳೇ ಸೈಕಲನ್ನು ಭಾನುವಾರಕ್ಕೊಮ್ಮೆ ಬೇಡಿ ತಂದು ಅಜೆಕಾರಿನ ಏರು ಹತ್ತುತ್ತಿದ್ದ ಹುಡುಗಿಯನ್ನು ಬಸ್ಸಿನವರು ಹಾರ್ನ್ ಹೊಡೆದು ಬದಿಗೆ ಸರಿಸುತ್ತಿದ್ದರು. ಅವಳು ಅದೇ ಬಸ್ಸನ್ನು ಮುಂದಿನ ಸ್ಟಾಪಿನಲ್ಲಿ ದಾಟುತ್ತಿದ್ದಳು.

ಸೈಕಲ್ ಹುಡುಕುವ ಕೆಲಸ ಅಣ್ಣ ಮಲ್ಲಿನಾಥನದು. ಅವನು ಕಟಪಾಡಿಯ ಬೈಕ್ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಅದು ಸಂಬಳಕ್ಕೆ. ಅವನ ನಿಜವಾದ ಬುದ್ಧಿ ಓಡುತ್ತಿದ್ದದ್ದು ಹಳೇ ಸಾಮಾನಿನ ವ್ಯಾಪಾರದಲ್ಲಿ. ಮೇ ತಿಂಗಳಲ್ಲಿ ಮಣಿಪಾಲದ ವಿದ್ಯಾರ್ಥಿಗಳು ಓದು ಮುಗಿಸಿ ಊರಿಗೆ ಹೊರಡುತ್ತಾರೆ. ಸೈಕಲ್, ಹೆಲ್ಮೆಟ್, ರಗ್ಗು, ಗಿಟಾರ್, ಯಾವುದನ್ನೂ ಹೊತ್ತುಕೊಂಡು ಹೋಗಲಾಗುವುದಿಲ್ಲ. ಹೊರಡುವವನ ಕೈಯಲ್ಲಿ ರೈಲಿನ ಟಿಕೆಟ್ ಇರುತ್ತದೆ. ರೈಲಿನ ಹೊತ್ತು ಹತ್ತಿರವಾದಷ್ಟೂ ಸಾಮಾನಿನ ಬೆಲೆ ಇಳಿಯುತ್ತದೆ. ಮಲ್ಲಿನಾಥ ಬೆಳಿಗ್ಗೆ ಹೋಗಿ ಒಂದು ಬೆಲೆ ಹೇಳಿ ಬರುತ್ತಿದ್ದ. ಸಂಜೆ ಅವರೇ ಫೋನ್ ಮಾಡುತ್ತಿದ್ದರು. ಕಾಯುವವನು ಸೋಲುವುದಿಲ್ಲ ಎಂಬುದು ಅವನು ನಾಲ್ಕು ವರ್ಷದಲ್ಲಿ ಕಲಿತ ಪಾಠ. ಅದು ಒಂದು ಸಲವೂ ಸುಳ್ಳಾಗಿರಲಿಲ್ಲ.

ಆ ಸಲ ಪರ್ಕಳದಿಂದ ವಿಲ್ಮಾ ಎಂಬ ಹೆಂಗಸು ಕರೆಸಿದಳು. ಮನೆಯ ಮೇಲಿನ ಮೂರು ಕೋಣೆಗಳನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟವಳು. ವಯಸ್ಸು ಅರವತ್ತರ ಮೇಲೆ. ಒಬ್ಬ ಹುಡುಗ ಓದನ್ನು ಅರ್ಧಕ್ಕೆ ಬಿಟ್ಟು, ವಿದೇಶದಲ್ಲಿದ್ದ ಅಪ್ಪ ಅಮ್ಮನ ಬಳಿಗೆ ಹೊರಟುಹೋಗಿದ್ದ. ಅವನ ಕೋಣೆಯಲ್ಲಿ ಒಂದು ಕಪ್ಪು ಸೈಕಲ್ ಗೋಡೆಗೆ ಒರಗಿಕೊಂಡಿತ್ತು. ಬಾಗಿದ ಹ್ಯಾಂಡಲ್, ಬೆರಳಗಲದ ಟಯರ್.

ಮಲ್ಲಿನಾಥ ಅದನ್ನು ಒಂದು ಕೈಯಲ್ಲಿ ಎತ್ತಿದ. ಕೊಡಪಾನಕ್ಕಿಂತ ಹಗುರವಾಗಿತ್ತು. ಮುಖದಲ್ಲಿ ಏನನ್ನೂ ತೋರಿಸದೆ ಕೆಳಗಿಟ್ಟ.

“ನೋಡು, ನಾನು ಮುಚ್ಚಿಟ್ಟು ಮಾರುವವಳಲ್ಲ,” ಎಂದಳು ವಿಲ್ಮಾ. “ಆ ಹುಡುಗ ಫೋನಿನಲ್ಲಿ ಮೂರು ಸಲ ಹೇಳಿದ್ದಾನೆ. ಆಂಟಿ, ಕೊಡುವ ಮೊದಲು ಕಾರ್ಬನ್ ಅಂತ ಹೇಳಿಯೇ ಕೊಡಿ, ಮರೆಯಬೇಡಿ ಅಂತ. ಇದರಲ್ಲಿ ಕಾರ್ಬನ್ ಉಂಟು. ನಾಳೆ ಬಂದು ನನ್ನ ಹತ್ತಿರ ಜಗಳ ಮಾಡಬಾರದು ನೀನು.”

ಗ್ಯಾರೇಜಿನಲ್ಲಿ ಮಲ್ಲಿನಾಥನ ಅರ್ಧ ದಿನ ಕಾರ್ಬನ್ ಕೆರೆಯುವುದರಲ್ಲೇ ಹೋಗುತ್ತಿತ್ತು. ಸೈಲೆನ್ಸರಿನ ಒಳಗೆ, ಪ್ಲಗ್ಗಿನ ತುದಿಗೆ ಗಟ್ಟಿಯಾಗಿ ಹಿಡಿಯುವ ಕರಿ ಮಸಿಗೆ ಅಲ್ಲಿ ಕಾರ್ಬನ್ ಎನ್ನುತ್ತಾರೆ. ಕಾರ್ಬನ್ ಹಿಡಿದ ಗಾಡಿ ಎಂದರೆ ಬೆಲೆ ಬಿದ್ದ ಗಾಡಿ.

“ಎಷ್ಟ್ ಹಿಡದೈತ್ರೀ ಅಮ್ಮಾರ?”

“ಎಂತದ್ದು?”

“ಕಾರ್ಬನ್ನು.”

“ಫುಲ್ ಕಾರ್ಬನ್ ಅಂತ ಹೇಳಿದ.”

“ಫುಲ್ ಐತಿ ಅಂದ್ರ ಕೆಲಸ ಕೆಟ್ಟಂಗ ಬಿಡ್ರೀ,” ಎಂದು ಮಲ್ಲಿನಾಥ ನಾಲಿಗೆ ಲೊಚಗುಟ್ಟಿದ. ಎಂಜಿನ್ನೇ ಇಲ್ಲದ ಸೈಕಲಿಗೆ ಕಾರ್ಬನ್ ಎಲ್ಲಿಂದ ಬಂತು ಎಂಬ ಪ್ರಶ್ನೆ ಒಂದು ಕ್ಷಣ ತಲೆಗೆ ಬಂದಿತ್ತು. ಆದರೆ ಮಾರುವವರು ತಾವಾಗಿಯೇ ದೋಷ ಒಪ್ಪಿಕೊಂಡಾಗ ಕೊಳ್ಳುವವನು ಪ್ರಶ್ನೆ ಕೇಳಬಾರದು. ಬೆರಳ ಗೆಣ್ಣಿನಿಂದ ಫ್ರೇಮನ್ನು ತಟ್ಟಿದ. ಕಬ್ಬಿಣದ ಸದ್ದು ಬರಲಿಲ್ಲ. “ಕೇಳ್ರಿ, ಪ್ಲಾಸ್ಟಿಕ್ ಬಕೇಟ್ ಬಡದಂಗ ಅಕ್ಕೈತಿ. ಒಳಗೆಲ್ಲಾ ಅದ ತುಂಬೇತಿ.”

ವಿಲ್ಮಾ ಐದು ಸಾವಿರ ಕೇಳಬೇಕೆಂದಿದ್ದಳು. ಎರಡು ಸಾವಿರದ ಇನ್ನೂರಕ್ಕೆ ಇಳಿದಳು. ದೋಷ ಹೇಳಿ ಮಾರಿದ ಸಮಾಧಾನ ಅವಳ ಮುಖದಲ್ಲಿತ್ತು. ಕೋಣೆಯ ಮೂಲೆಯಲ್ಲಿ ಆಳೆತ್ತರದ ಎರಡು ಹಲಗೆಗಳೂ ಕಬ್ಬಿಣದಷ್ಟು ಭಾರದ ಒಂದು ಜೋಡಿ ಬೂಟೂ ಇದ್ದವು. “ಇದನ್ನೂ ತೆಗೆದುಕೊಂಡು ಹೋಗು ಮಾರಾಯ, ಎಂತದೋ ಹಿಮದಲ್ಲಿ ಜಾರುವುದಂತೆ. ಇಲ್ಲಿ ಎಲ್ಲಿ ಜಾರುವುದು, ಬಚ್ಚಲಲ್ಲಾ?” ಎಂದಳು. ಅದಕ್ಕೆ ದುಡ್ಡು ಕೇಳಲಿಲ್ಲ.

ಹತ್ತು ದಿನ ದ್ರಾಕ್ಷಾಯಿಣಿ ನೆಲದ ಮೇಲಿರಲಿಲ್ಲ. ಬೆಳಿಗ್ಗೆ ಐದಕ್ಕೆ ಹೊರಟು ಅಜೆಕಾರಿಗೆ ಹೋಗಿ ಬಂದು ಚಹಾ ಕುಡಿಯುತ್ತಿದ್ದಳು. ಮಲ್ಲಿನಾಥ ಸೋಪಿನ ನೀರು ಹಾಕಿ ಸೈಕಲನ್ನು ಎರಡು ಸಲ ಉಜ್ಜಿ, ಕಾರ್ಬನ್ ಹೋಯಿತು ಎಂದುಕೊಂಡ. ಅವನಿಗೆ ಉಳಿದಿದ್ದ ಕೊರಗು ಒಂದೇ. ಸೈಕಲಿಗೆ ಸ್ಟ್ಯಾಂಡ್ ಇರಲಿಲ್ಲ, ಕ್ಯಾರಿಯರ್ ಇರಲಿಲ್ಲ. ಗೋಡೆಗೆ ಒರಗಿಸಿದರೆ ಜಾರಿ ಬೀಳುತ್ತಿತ್ತು. ಅವಳು ಆಯ್ಕೆಯಾಗಿ ಹೋದ ಮೇಲೆ ಸೈಕಲ್ ಮನೆಯಲ್ಲೇ ಉಳಿಯುತ್ತದೆ. ಕ್ಯಾರಿಯರ್ ಇದ್ದರೆ ಅವನ ಸಾಮಾನಾದರೂ ಹೇರಬಹುದು.

“ರೇಸ್ ಸೈಕಲ್ಲಿಗೆ ಯಾರರ ಕ್ಯಾರಿಯರ್ ಹಾಕ್ತಾರೇನಣ್ಣ?” ಎಂದಳು ದ್ರಾಕ್ಷಾಯಿಣಿ.

“ರೇಸಿನ ದಿನ ಬಿಚ್ಚಿದ್ರಾತು. ದನಕ್ಕ ಬಾಲ ಇಲ್ದಂಗ ಕಾಣ್ತೈತಿ.”

“ನೀ ಹಾಲು ಹಾಕಾಕ ಹೊಂಟಿಯೇನು?”

ಅವಳ ನಗೆಯನ್ನು ಅವನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಆಯ್ಕೆಗೆ ನಾಲ್ಕು ದಿನವಿದ್ದಾಗ, ಬುಧವಾರ, ಕ್ವಾರಿಗೆ ರಜೆಯಿತ್ತು. ದ್ರಾಕ್ಷಾಯಿಣಿ ಅವ್ವನ ಜೊತೆ ಮನೆಕೆಲಸಕ್ಕೆ ಹೋಗಿದ್ದಳು. ಮಲ್ಲಿನಾಥ ಗ್ಯಾರೇಜಿನಿಂದ ತಂದಿದ್ದ ಸ್ಟ್ಯಾಂಡು, ಕ್ಯಾರಿಯರುಗಳನ್ನು ಅಪ್ಪನ ಮುಂದಿಟ್ಟ. “ಬೋಲ್ಟ್ ಹಾಕಾಕ ಜಾಗ ಇಲ್ಲ. ನಾಕು ತೂತು ಹೊಡಿ ಅಪ್ಪಾ,” ಎಂದು ಹೇಳಿ, ಹಿಮದ ಹಲಗೆಗಳನ್ನು ಹೆಗಲಿಗೇರಿಸಿ ಮಣಿಪಾಲದ ಬಸ್ಸು ಹತ್ತಿದ. ಇಂಟರ್ನೆಟ್ಟಿನಲ್ಲಿ ಹಾಕಿದ ಫೋಟೊ ನೋಡಿ ಗಿರಾಕಿಯೊಬ್ಬ ಸಿಕ್ಕಿದ್ದ.

ಕಂಡಕ್ಟರ್ ಹಲಗೆಗಳನ್ನು ಮೇಲಿಂದ ಕೆಳಗೆ ನೋಡಿದ. “ಎಂತ ಇದು, ಕಂಬಳದ ಹಲಗೆಯಾ? ಕೋಣ ಎಲ್ಲಿ ಮಾರಾಯ?”

“ಕೋಣ ಮುಂದಿನ ಬಸ್ಸಿಗೆ ಬರ್ತಾವ್ರೀ.”

“ಹಾಗಾದರೆ ಕೋಣದ ಟಿಕೆಟ್ ಅವರ ಹತ್ತಿರ ತೆಗೆದುಕೊಳ್ಳುತ್ತೇನೆ. ನೀನು ಲಗೇಜಿಂದು ಕೊಡು.”

ಲಗೇಜಿನ ದರದಲ್ಲೂ ಮಲ್ಲಿನಾಥ ಹತ್ತು ರೂಪಾಯಿ ಉಳಿಸಿದ.

ಗಿರಾಕಿಯ ಹೆಸರು ಶ್ರವಣ್. ಅಪ್ಪ ಕತಾರಿನಲ್ಲಿ, ಮಗ ಮಣಿಪಾಲದಲ್ಲಿ ಕೆಲಸಕ್ಕೆ. ಚಳಿಗಾಲದಲ್ಲಿ ಹಿಮಾಚಲಕ್ಕೆ ಹೋಗಿ ಸ್ಕೀ ಕಲಿಯುವವನು, ಭಾನುವಾರ ಸೈಕಲ್ ತುಳಿಯುವವನು. ಹಲಗೆಗಳ ಅಂಚಿನ ಮೇಲೆ ಉಗುರು ಎಳೆದು ನೋಡಿದ.

“ಅಂಚಿಗೆಲ್ಲ ತುಕ್ಕು ಬಂದಿದೆ. ಕಡಲ ಗಾಳಿ. ಹನ್ನೆರಡು ಸಾವಿರ ಕೊಡುವ ಹಾಗಿಲ್ಲ.”

“ಹಿಮದಾಗ ತುಕ್ಕು ಯಾರ್ ನೋಡ್ತಾರ್ರೀ?”

ಒಂಬತ್ತು ಸಾವಿರಕ್ಕೆ ನಿಂತಿತು. ಬಿಟ್ಟಿ ಬಂದ ಹಲಗೆ. ಮಲ್ಲಿನಾಥ ನೋಟುಗಳನ್ನು ಒಳಜೇಬಿಗೆ ಸೇರಿಸುತ್ತಿದ್ದಾಗ ಶ್ರವಣ್ ಬೂಟಿನ ಅಳತೆ ನೋಡಲು ಅವನ ಫೋನಿನ ಫೋಟೊಗಳನ್ನು ಸರಿಸುತ್ತಿದ್ದ. ಒಂದು ಫೋಟೊದಲ್ಲಿ ಕೈ ನಿಂತಿತು. ಹಲಗೆಗಳ ಹಿಂದೆ ಕಪ್ಪು ಸೈಕಲ್ ಕಾಣುತ್ತಿತ್ತು.

“ಇದು ಯಾರದ್ದು?”

“ನಮ್ಮ ತಂಗೀದ್ರೀ.”

“ಫುಲ್ ಕಾರ್ಬನ್ ಅಲ್ವಾ ಇದು?”

ಮಲ್ಲಿನಾಥ ಫೋನಿಗೆ ಕೈ ಚಾಚಿದ. ಫೋಟೊದಲ್ಲೇ ದೋಷ ಕಂಡುಹಿಡಿಯುವ ಗಿರಾಕಿಯನ್ನು ಅವನು ನೋಡಿರಲಿಲ್ಲ. “ಇಲ್ರೀ, ಇಲ್ಲ. ಎಲ್ಲಾ ಉಜ್ಜಿ ತಗದೇವಿ. ಒಂಚೂರೂ ಕಾರ್ಬನ್ ಇಲ್ಲ ಅದರಾಗ.”

ಶ್ರವಣ್ ಮೊದಲು ಅವನ ಮುಖ ನೋಡಿದ, ಆಮೇಲೆ ಕುರ್ಚಿಯ ಮೇಲೆ ಬಿದ್ದು ನಕ್ಕ. ನಕ್ಕು ಮುಗಿದ ಮೇಲೆ ಬಿಡಿಸಿ ಹೇಳಿದ. ಆ ಫ್ರೇಮು ಕಬ್ಬಿಣದ್ದಲ್ಲ, ಅಲ್ಯೂಮಿನಿಯಮಿನದೂ ಅಲ್ಲ. ಕಾರ್ಬನ್ ಎಂಬ ನೂಲನ್ನು ಪದರ ಪದರವಾಗಿ ಅಂಟಿಸಿ ಮಾಡಿದ್ದು. ಹೊಸದಾಗಿ ತಂದರೆ ಎರಡು ಲಕ್ಷದ ಆಚೆ. “ನೋಡು, ನನ್ನದೊಂದು ಅಲ್ಯೂಮಿನಿಯಮ್ ರೇಸ್ ಸೈಕಲ್ ಉಂಟು, ಒಳ್ಳೇ ಕಂಡೀಷನ್. ಅದನ್ನು ಕೊಡುತ್ತೇನೆ, ಮೇಲಿಂದ ನಲವತ್ತು ಸಾವಿರ ಕೊಡುತ್ತೇನೆ. ಇದನ್ನು ನನಗೆ ಕೊಡು. ಈಗಲೇ ಹೋಗಿ ನೋಡುವ. ಒಂದೇ ಒಂದು, ಎಲ್ಲಿಯೂ ಬಿರುಕು ಇರಬಾರದು. ಕಾರ್ಬನ್‌ಗೆ ಒಂದು ಸಣ್ಣ ತೂತು ಬಿದ್ದರೂ ಮುಗಿಯಿತು.”

ಮಲ್ಲಿನಾಥ ಅಪ್ಪನಿಗೆ ಫೋನ್ ಮಾಡಿದ. ಫೋನು ಬಡಿದುಕೊಂಡು ನಿಂತಿತು. ಮತ್ತೆ ಮಾಡಿದ. ಶ್ರವಣನ ಕಾರಿನಲ್ಲಿ ಕೂತು ಕಾರ್ಕಳ ಮುಟ್ಟುವವರೆಗೆ ಹನ್ನೊಂದು ಸಲ ಮಾಡಿದ. ಡ್ರಿಲ್ ಹಿಡಿದವನಿಗೆ ಫೋನ್ ಕೇಳಿಸುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

ಮನೆಯ ಮುಂದೆ ಸೈಕಲ್ ತನ್ನ ಕಾಲ ಮೇಲೆ ತಾನು ನಿಂತಿತ್ತು. ಹಿಂದೆ ಕ್ಯಾರಿಯರ್. ಹಿಂಚಕ್ರವನ್ನು ಹಿಡಿಯುವ ಕೊಳವೆಗಳಲ್ಲಿ ನಾಲ್ಕು ಬೋಲ್ಟು. ಮಾನಪ್ಪ ಮೂವತ್ತು ವರ್ಷ ಕಲ್ಲು ಕೊರೆದವನು. ತೂತುಗಳು ದಾರ ಹಿಡಿದಂತೆ ಸಮವಾಗಿದ್ದವು. ಕಾರಿನಿಂದಿಳಿದವನನ್ನು ಕಂಡು, ಮಗನ ದೊಡ್ಡ ಗಿರಾಕಿ ಇರಬೇಕೆಂದು ಟವೆಲಿನಲ್ಲಿ ಕೈ ಒರೆಸಿಕೊಂಡು ಎದ್ದ.

“ಬೆಣ್ಣಿಗಿ ಹೊಡದಂಗ ಹೋತು ನೋಡ್ರಿ ಸಾವ್ಕಾರ,” ಎಂದ ಹೆಮ್ಮೆಯಿಂದ. “ನೀ ಹೇಳಿದ್ದು ಖರೇ ಮಲ್ಲೂ. ಒಂದ್ ಮುಕ್ಕ ಕಬ್ಬಣ ಬರಲಿಲ್ಲ, ಬರೇ ಕರಿ ಪುಡಿ. ಒಳಗೆಲ್ಲಾ ಕಾರ್ಬನ್ನ ತುಂಬಿತ್ತು. ಊದಿ ಊದಿ ಎಲ್ಲಾ ತಗದೇನಿ.”

ನೆಲದ ಮೇಲೆ ಹಾಸಿದ ಪೇಪರಿನಲ್ಲಿ ಒಂದು ಹಿಡಿ ಕರಿ ಪುಡಿ ಇತ್ತು.

“ಎಂತ ಮಾಡಿದ್ರಿ ಮಾರಾಯ್ರೆ,” ಎಂದ ಶ್ರವಣ್. ಈ ಸಲ ನಗಲಿಲ್ಲ. ಮುದುಕನ ಮುಖ ನೋಡಿ ಮುಂದೆ ಏನೂ ಹೇಳದೆ ಮಲ್ಲಿನಾಥನನ್ನು ಕಾರಿನ ಹತ್ತಿರ ಕರೆದುಕೊಂಡು ಹೋದ. “ಇನ್ನು ಇದನ್ನು ಯಾರೂ ಹತ್ತಬಾರದು. ಕಬ್ಬಿಣ ಬಾಗುತ್ತದೆ, ನಿನಗೆ ಗೊತ್ತಾಗುತ್ತದೆ. ಇದು ಬಾಗುವುದಿಲ್ಲ. ಹೇಳದೆ ಕೇಳದೆ ತುಂಡಾಗುತ್ತದೆ. ತಂಗಿಗೆ ಹೇಳು.”

“ನಿಮ್ಮ ಅಲ್ಯೂಮಿನಿಯಮ್ ಸೈಕಲ್ ಎಷ್ಟಕ್ಕ ಕೊಡ್ತೀರಿ?”

“ಇಪ್ಪತ್ತೈದು. ರೇಸು ಅಂತ ಹೇಳ್ತೀಯಾ, ನಿನಗೆ ಇಪ್ಪತ್ತೆರಡಕ್ಕೆ ಕೊಡುತ್ತೇನೆ. ಅದು ಲಾಸ್ಟ್.”

ಮಲ್ಲಿನಾಥನ ಒಳಜೇಬಿನಲ್ಲಿ ಒಂಬತ್ತು ಸಾವಿರವಿತ್ತು. ಸಾಮಾನು ಕೊಳ್ಳಲು ಎತ್ತಿಟ್ಟ ಹದಿನೈದು ಸಾವಿರ ಟ್ರಂಕಿನಲ್ಲಿತ್ತು. ಟ್ರಂಕು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು.

“ಹನ್ನೆರಡು ಮಾಡ್ಕೊಳ್ರಿ,” ಎಂದ.

ಶ್ರವಣ್ ಅವನನ್ನೇ ನೋಡಿದ. “ನಾನು ಬೇಳೆ ಮಾರುವವನಲ್ಲ ಮಾರಾಯ. ನಾಳೆ ಬೇಕಾದರೆ ಫೋನ್ ಮಾಡು,” ಎಂದು ಹೇಳಿ ಹೊರಟ.

ನಾಳೆ ಎಂದವನು ಇಳಿಯುವವನೇ. ನಾಲ್ಕು ವರ್ಷದ ಅನುಭವ ಅದನ್ನೇ ಹೇಳುತ್ತಿತ್ತು. ಮಲ್ಲಿನಾಥ ಗುರುವಾರ ಫೋನ್ ಮಾಡಲಿಲ್ಲ. ಕಾಯುವವನು ಸೋಲುವುದಿಲ್ಲ.

ಬುಧವಾರ ಸಂಜೆ ಮನೆಗೆ ಬಂದ ದ್ರಾಕ್ಷಾಯಿಣಿ ಕ್ಯಾರಿಯರ್ ನೋಡಿದಳು. ಸ್ಪ್ಯಾನರ್ ತಂದು ಕ್ಯಾರಿಯರನ್ನೂ ಸ್ಟ್ಯಾಂಡನ್ನೂ ಬಿಚ್ಚಿ ಬದಿಗಿಟ್ಟಳು. ತೂತುಗಳ ಮೇಲೆ ಬೆರಳಾಡಿಸಿದಳು.

“ಕಾರಿನ್ಯಾಗ ಯಾರೋ ಬಂದಿದ್ರಂತಲ್ಲ. ಏನಂದ್ರು?”

“ಏನಿಲ್ಲ. ತೂತಿಗೆ ಎಮ್‌ಸೀಲ್ ತುಂಬಿ ಟೇಪ್ ಸುತ್ತಿದ್ರ ಆತು ಅಂದ್ರು.”

“ನಡೀತೈತಂತ?”

“ನಡೀತೈತಿ ತಗೋ.”

ಗುರುವಾರ ಅವಳು ಅಜೆಕಾರಿಗೆ ಹೋಗಿ ಬಂದಳು. ಏನೂ ಆಗಲಿಲ್ಲ. ಶುಕ್ರವಾರವೂ ಹೋಗಿ ಬಂದಳು. ಮಲ್ಲಿನಾಥ ಎರಡು ದಿನವೂ ಗ್ಯಾರೇಜಿಗೆ ಹೊರಡದೆ, ಅವಳು ಬರುವವರೆಗೆ ರಸ್ತೆಯ ತಿರುವಿನಲ್ಲಿ ನಿಂತಿದ್ದ. ಎರಡನೆಯ ದಿನ ಅವಳು ಹಲ್ಲು ಬಿಟ್ಟು ನಗುತ್ತಾ ಇಳಿದಾಗ ಅವನಿಗೆ ಹೊಳೆಯಿತು: ಶ್ರವಣ್ ಹೆದರಿಸುತ್ತಿದ್ದಾನೆ. ತನ್ನ ಸಾಮಾನು ಸಾಗಿಸಲು ಗಿರಾಕಿಯ ಸಾಮಾನನ್ನು ಹಳಿಯುವುದು. ಅದು ಮಲ್ಲಿನಾಥನಿಗೂ ಗೊತ್ತಿದ್ದ ವಿದ್ಯೆ. ಪರ್ಕಳದಲ್ಲಿ ಅವನು ಮಾಡಿದ್ದು ಅದನ್ನೇ. ಧೈರ್ಯ ಬಂದು, ಹದಿನೈದಕ್ಕೆ ಕೊಡುತ್ತೀರಾ ಎಂದು ಶ್ರವಣನಿಗೆ ಮೆಸೇಜ್ ಹಾಕಿದ. ಉತ್ತರ ಶನಿವಾರ ಬೆಳಿಗ್ಗೆ ಬಂತು: “ನಿನ್ನೆಯೇ ಕೊಟ್ಟಾಯಿತು ಮಾರಾಯ. ಇಪ್ಪತ್ತಮೂರಕ್ಕೆ ಹೋಯಿತು. ತಂಗಿಗೆ ಹೇಳಿದೆಯಾ?”

ಅವನು ಆ ಮೆಸೇಜನ್ನು ಅಳಿಸಿದ. ಸೂಪರ್‌ವೈಸರನ ಹಳೇ ಸೈಕಲ್ ಇತ್ತು, ನಿಜ. ಅದರಲ್ಲಿ ಹೋದರೆ ಅವಳು ಐದನೆಯವಳೋ ಆರನೆಯವಳೋ ಆಗುತ್ತಿದ್ದಳು. ಅದರಲ್ಲಿ ಹೋಗು ಎನ್ನಬೇಕಾದರೆ ಯಾಕೆಂದು ಹೇಳಬೇಕು. ಯಾಕೆಂದು ಹೇಳಬೇಕಾದರೆ ಇಪ್ಪತ್ತೆರಡು ಸಾವಿರದ ಮಾತು ಬರುತ್ತದೆ. ಮಲ್ಲಿನಾಥ ಅಂಗಡಿಗೆ ಹೋಗಿ ಹೊಸ ಕರಿ ಟೇಪ್ ತಂದ. ಹಳೆಯದನ್ನು ಕಿತ್ತು, ಫ್ರೇಮಿನ ಬಣ್ಣಕ್ಕೆ ಸರಿಹೊಂದುವಂತೆ ಒಂದು ಸುಕ್ಕೂ ಬೀಳದ ಹಾಗೆ ಸುತ್ತಿದ. ಹಳೇ ಸಾಮಾನನ್ನು ಮಾರಲು ಸಿದ್ಧಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಭಾನುವಾರ ಕಾಪುವಿನ ಬೀಚಿನ ರಸ್ತೆಯಲ್ಲಿ ಇಪ್ಪತ್ತಮೂರು ಹುಡುಗಿಯರು ಬಂದಿದ್ದರು. ಐದು ಕಿಲೋಮೀಟರ್ ಹೋಗಿ ತಿರುಗಿ ಬರಬೇಕು, ಎರಡೆರಡು ನಿಮಿಷಕ್ಕೆ ಒಬ್ಬಳು. ಮಾನಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತೆಂಗಿನ ಮರದ ಬುಡದಲ್ಲಿ ಕೂತಿದ್ದ. ಹಾಸ್ಟೆಲಿನ ಕೋಚು ಒಂದೊಂದೇ ಸೈಕಲಿನ ಬ್ರೇಕ್ ಅದುಮಿ, ಟಯರ್ ಒತ್ತಿ ನೋಡುತ್ತ ಬಂದ. ಅವನೂ ಬಯಲುಸೀಮೆಯವನೇ. ಕಪ್ಪು ಸೈಕಲಿನ ಮುಂದೆ ನಿಂತು ಹುಬ್ಬೇರಿಸಿದ.

“ಅಬಾಬಾ, ಕಾರ್ಬನ್! ಯಾವೂರ ಗೌಡರ ಮಗಳವಾ ನೀ?”

“ಕ್ವಾರಿ ಗೌಡರ ಮಗಳ್ರೀ ಸರ,” ಎಂದಳು ದ್ರಾಕ್ಷಾಯಿಣಿ. ಸುತ್ತಲಿದ್ದವರು ನಕ್ಕರು.

ಕೋಚಿನ ಕೈ ಹಿಂದಿನ ಕೊಳವೆಗೆ ಹೋಯಿತು. “ಇದೇನು ಟೇಪು?”

ದ್ರಾಕ್ಷಾಯಿಣಿ ಬಾಯಿ ತೆರೆಯುವ ಮೊದಲೇ ಮಲ್ಲಿನಾಥ ಹೇಳಿದ: “ಬಣ್ಣ ಹೋಗಿತ್ರೀ ಸರ. ಚಂದ ಕಾಣಲಿ ಅಂತ ಸುತ್ತೇನಿ.”

ಕೋಚು ಅವನ ಮುಖ ನೋಡಿದ. ಪರ್ಕಳದಲ್ಲಿ ಸೈಕಲ್ ಎತ್ತಿ ಕೆಳಗಿಟ್ಟಾಗ ಇದ್ದ ಮುಖವೇ ಅಲ್ಲಿತ್ತು. ಕೋಚು ಮುಂದಿನ ಸೈಕಲಿಗೆ ಹೋದ. ದ್ರಾಕ್ಷಾಯಿಣಿ ಅಣ್ಣನ ಕಡೆ ತಿರುಗಿದಳು.

“ಸುಳ್ಳ್ಯಾಕ ಹೇಳಿದಿ?”

“ಸುಮ್ನ ಹತ್ತು. ನಿನ್ನ ನಂಬರ್ ಬಂತು.”

ತಿರುವಿನಲ್ಲಿ ನಿಂತು ಹೊತ್ತು ಬರೆದುಕೊಳ್ಳುತ್ತಿದ್ದವನು ಫೋನಿನಲ್ಲಿ ಕೋಚಿಗೆ ಹೇಳಿದ್ದು ಸುತ್ತ ನಿಂತವರಿಗೆಲ್ಲ ಕೇಳಿಸಿತು: ಹದಿನೇಳನೇ ನಂಬರ್ ಈವರೆಗೆ ಬಂದ ಎಲ್ಲರಿಗಿಂತ ನಲವತ್ತು ಸೆಕೆಂಡ್ ಮುಂದಿದ್ದಾಳೆ. ಹದಿನೇಳು ದ್ರಾಕ್ಷಾಯಿಣಿಯ ನಂಬರು. ಮಾನಪ್ಪ ಎದ್ದು ನಿಂತ. ಅವಳು ದೂರದಲ್ಲಿ ಚುಕ್ಕೆಯಾಗಿ ಕಂಡಳು, ಹತ್ತಿರ ಬಂದಳು. ಮುಗಿಯಲು ಮುನ್ನೂರು ಮೀಟರ್ ಇದ್ದಾಗ ಸೀಟಿನಿಂದ ಎದ್ದು ಪೂರಾ ತೂಕ ಹಾಕಿ ತುಳಿದಳು. ಒಣ ತೆಂಗಿನ ಮಡಲು ಮುರಿದಂಥ ಸದ್ದಾಯಿತು. ಹಿಂಚಕ್ರ ಒಂದು ಕಡೆ ಹೋಯಿತು, ಅವಳು ಮುಖ ಅಡಿಯಾಗಿ ಇನ್ನೊಂದು ಕಡೆ ಹೋದಳು.

ಮಣಿಪಾಲದ ಆಸ್ಪತ್ರೆಯ ವರಾಂಡದಲ್ಲಿ ಮಾನಪ್ಪ ತನ್ನ ಎರಡೂ ಅಂಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟು ಕೂತಿದ್ದ. “ತೂತು ಹೊಡದಾಂವ ನಾನು,” ಎಂದ. ಮತ್ತೆ ಅಂದ, “ನಾನ ಹೊಡದೆ.” ಮಲ್ಲಿನಾಥ ಗೋಡೆಗೆ ಒರಗಿ ನಿಂತಿದ್ದ. ಶ್ರವಣ್ ಹೇಳಿದ್ದನ್ನು ಆ ದಿನವೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಜುಲೈಯಲ್ಲಿ ದ್ರಾಕ್ಷಾಯಿಣಿಗೆ ಹದಿನಾರು ತುಂಬಿತು.

ಹೋದದ್ದು ಇಷ್ಟು: ಮೇಲಿನ ಸಾಲಿನ ಎರಡು ಹಲ್ಲು. ಎಡಗಡೆಯ ಕಾಲರ್ ಬೋನ್, ಎರಡು ತುಂಡು. ಫ್ರೇಮು, ಮೂರು ತುಂಡು. ಹಾಸ್ಟೆಲಿನ ಒಂದು ಸೀಟು.